ಷೆಲ್ಲಿನ ಮನೆವಾರ್ತೆ

ಹಗಲಿನಲ್ಲಿ ಹತ್ತು ಸಲ ಪರೀಕ್ಷಿಸಿದಾಗ ಒಮ್ಮೆಯೂ ತಪ್ಪದ ಕೆಲಸ, ರಾತ್ರಿ ಎರಡು ಗಂಟೆಗೆ ಯಾರೂ ಇಲ್ಲದ ಹೊತ್ತಿನಲ್ಲಿ ನಡೆಯಬೇಕಾದಾಗ ಮಾತ್ರ ಏಕೆ ನಡೆಯುವುದಿಲ್ಲ? ಕಚೇರಿಯೊಂದರ ಕಂಪ್ಯೂಟರುಗಳ ಮೇಲ್ವಿಚಾರಣೆಗೆ ಹೊಸದಾಗಿ ನೇಮಕವಾದ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಲೆಕ್ಕಪತ್ರಗಳ ಪ್ರತಿಯನ್ನು ದಿನವೂ ಬೇರೊಂದು ಡಿಸ್ಕಿಗೆ ಇಳಿಸುವ ಏಳೆಂಟು ಸಾಲಿನ ಆಜ್ಞೆಗಳ ಪಟ್ಟಿಯನ್ನು, ಎಂದರೆ ಸ್ಕ್ರಿಪ್ಟನ್ನು, ಅವನು ಬರೆದಿದ್ದಾನೆ. ತಾನೇ ಕುಳಿತು ನಡೆಸಿದಾಗ ಎಲ್ಲವೂ ಸರಿ. ಅದನ್ನು ‘ಕ್ರಾನ್’ ಎಂಬ ಕಾಲಪಾಲಕನಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ತಿಂಗಳು ಕಳೆದು, ಮೂಲ ಡಿಸ್ಕು ಕೆಟ್ಟು, ಕಚೇರಿಯೆಲ್ಲ ಅವನ ಮುಖ ನೋಡಿದ ದಿನ ತಿಳಿಯುತ್ತದೆ: ಒಂದು ರಾತ್ರಿಯ ಪ್ರತಿಯೂ ಅಲ್ಲಿಲ್ಲ! ಇಂಥ ಸಂಕಟಕ್ಕೆ ಸಿಕ್ಕವರು ಆ ವೃತ್ತಿಯಲ್ಲಿ ಒಬ್ಬಿಬ್ಬರಲ್ಲ.

ಕಾರಣ ತಿಳಿಯಬೇಕಾದರೆ ಷೆಲ್ಲಿನ ಸಂಸಾರವನ್ನು ಕೊಂಚ ಇಣಿಕಿ ನೋಡಬೇಕು. ಯುನಿಕ್ಸ್ ಮತ್ತು ಅದರ ಪರಂಪರೆಯ ಲಿನಕ್ಸ್ ವ್ಯವಸ್ಥೆಗಳಲ್ಲಿ, ಬಳಸುವವನ ಆಜ್ಞೆಯನ್ನು ಓದಿ ತಕ್ಕ ಪ್ರೋಗ್ರಾಮಿನಿಂದ ಅದನ್ನು ಮಾಡಿಸುವ ಮಧ್ಯವರ್ತಿಗೆ ಷೆಲ್ ಎಂದು ಹೆಸರು. ಕೆಲವು ಹೆಸರುಗಳನ್ನೂ ಅವುಗಳ ಬೆಲೆಗಳನ್ನೂ ಅದು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಶಾಲೆಯ ಬೀಜಗಣಿತದ ಚರಾಕ್ಷರಗಳಂತೆಯೇ ಇವು. ‘ಹೋಮ್’ ಎಂದರೆ ಬಳಸುವವನ ಸ್ವಂತ ಕಡತಗಳಿರುವ ಡೈರೆಕ್ಟರಿ. ‘ಪಾತ್’ ಎಂದರೆ ಪ್ರೋಗ್ರಾಮುಗಳಿಗಾಗಿ ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿ. ಆದರೆ ಷೆಲ್ ಬಹುಪಾಲು ಕೆಲಸವನ್ನು ತಾನೇ ಮಾಡುವುದಿಲ್ಲ. ಆಜ್ಞೆಗೊಂದರಂತೆ ಮರಿ ಪ್ರೋಸೆಸ್ಸನ್ನು ಹುಟ್ಟಿಸುತ್ತದೆ; ಮರಿಯು ಕೆಲಸ ಮುಗಿಸಿ ಅಳಿಯುತ್ತದೆ.

ಈ ತಾಯಿ-ಮರಿಗಳ ಸಂಬಂಧದ ವೈಚಿತ್ರ್ಯ ಯುನಿಕ್ಸಿನ ಜನ್ಮಸ್ಥಳದಲ್ಲೇ ಬೆಳಕಿಗೆ ಬಂದಿತು. ಅಮೆರಿಕದ ನ್ಯೂಜೆರ್ಸಿಯ ಮರ್ರಿ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಸಂಗಡಿಗರು ಪಿಡಿಪಿ-7 ಎಂಬ ಚಿಕ್ಕ ಯಂತ್ರದ ಮೇಲೆ ಈ ವ್ಯವಸ್ಥೆಯನ್ನು ಕಟ್ಟತೊಡಗಿದರು. ಮೊದಲಿಗೆ ಟರ್ಮಿನಲ್ಲಿಗೊಂದೇ ಪ್ರೋಸೆಸ್. ಮರಿ ಹುಟ್ಟಿಸುವ ಪದ್ಧತಿ ಇರಲಿಲ್ಲ. ‘ಫೋರ್ಕ್’ ಎಂಬ ಆ ಏರ್ಪಾಡನ್ನು ಅನಂತರ ಸೇರಿಸಿದಾಗ ಅದಕ್ಕೆ ಹಿಡಿದದ್ದು ಅಸೆಂಬ್ಲಿ ಭಾಷೆಯ 27 ಸಾಲು ಮಾತ್ರ. ಎಲ್ಲರಿಗೂ ಹಿಗ್ಗು. ಆ ಹಿಗ್ಗಿನ ನಡುವೆಯೇ ಒಂದು ಆಜ್ಞೆ ಸತ್ತುಬಿದ್ದಿತು: ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ಹೋಗುವ ಆಜ್ಞೆ, ಇಂದಿನವರು ‘ಸಿಡಿ’ ಎನ್ನುವುದರ ಪೂರ್ವಜ. ಹೋಗೆಂದರೂ ಇದ್ದಲ್ಲೇ ಇರುವುದು! ಬರೆದದ್ದನ್ನೆಲ್ಲ ಮತ್ತೆ ಮತ್ತೆ ಓದಿ, ತಲೆ ಕೆಡಿಸಿಕೊಂಡ ಮೇಲೆ ನಿಜ ಹೊಳೆಯಿತು. ಆಜ್ಞೆಯು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಆದರೆ ಹೊಸ ಡೈರೆಕ್ಟರಿಗೆ ಹೋಗುತ್ತಿದ್ದುದು ಮರಿ, ತಾಯಿಯಲ್ಲ. ಹೋದ ಮರುಕ್ಷಣವೇ ಮರಿಯು ಅಳಿಯುತ್ತಿತ್ತು. ತಾಯಿ ಕುಳಿತಲ್ಲೇ ಕುಳಿತಿರುತ್ತಿದ್ದಳು. ಕೊನೆಗೆ ಆ ಒಂದು ಆಜ್ಞೆಯನ್ನು ಷೆಲ್ಲೇ ಸ್ವತಃ ನಡೆಸುವಂತೆ ಮಾಡಬೇಕಾಯಿತು. ಇದನ್ನು ರಿಚಿಯವರೇ 1979ರ ಪ್ರಬಂಧವೊಂದರಲ್ಲಿ ವಿನೋದವಾಗಿ ಹೇಳಿಕೊಂಡಿದ್ದಾರೆ. ನಿರ್ಮಿಸಿದವರನ್ನೇ ಬೆಸ್ತುಬೀಳಿಸಿದ ವಿಷಯ ಕಲಿಯುವವರನ್ನು ಬಿಟ್ಟೀತೆ?

ಚರಾಕ್ಷರಗಳ ಕಥೆಯೂ ಇದೇ. ತಾಯಿಯಿಂದ ಮರಿಗೆ ಬರುವುದು ಪ್ರತಿ ಮಾತ್ರ. ಮರಿ ತಿದ್ದಿದ್ದು ತಾಯಿಗೆ ತಲುಪದು. ಗಂಡನ ಮನೆಗೆ ಹೊರಟ ಮಗಳಿಗೆ ತಾಯಿ ಉಪ್ಪಿನಕಾಯಿಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಡುತ್ತಾಳೆ. ಮಗಳು ತನ್ನ ಚೀಟಿಯಲ್ಲಿ ಉಪ್ಪನ್ನು ಕಡಮೆ ಮಾಡಿಕೊಂಡರೆ ತವರಿನ ಭರಣಿಯ ರುಚಿ ಬದಲಾದೀತೆ? ಅದೂ ಅಲ್ಲದೆ, ತಾಯಿ ಎಲ್ಲವನ್ನೂ ಬರೆದುಕೊಡುವುದಿಲ್ಲ. 1979ರಲ್ಲಿ ಹೊರಬಂದ ಯುನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಅವರ ಷೆಲ್ಲಿನೊಡನೆ ಬಂದ ಕಟ್ಟಳೆ ಇದು: ಯಾವ ಹೆಸರನ್ನು ‘ಎಕ್ಸ್‌ಪೋರ್ಟ್’ ಎಂದು ಗುರುತಿಸಲಾಗಿದೆಯೋ ಅದು ಮಾತ್ರ ಮರಿಗೆ ಸಿಕ್ಕುತ್ತದೆ, ಉಳಿದವು ತಾಯಿಯ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಹೊಸ ಬೆಲೆಗಳು ತಾಯಿಯಲ್ಲಿಯೇ ನೆಲೆಸಬೇಕೆಂದರೆ ಸ್ಕ್ರಿಪ್ಟಿನ ಹೆಸರಿನ ಹಿಂದೆ ಒಂದು ಚುಕ್ಕೆಯನ್ನೂ ತೆರಪನ್ನೂ ಇಡಬೇಕು; ಆಗ ಮರಿ ಹುಟ್ಟದೆ ತಾಯಿಯೇ ಸಾಲುಸಾಲಾಗಿ ಓದಿ ನಡೆಸುತ್ತಾಳೆ. ಒಂದು ಚುಕ್ಕೆಗೆ ಎಷ್ಟು ತೂಕ!

ಮರಿ ಹುಟ್ಟಿದ್ದೇ ಗೊತ್ತಾಗದ ಸಂದರ್ಭಗಳೂ ಉಂಟು. ಲಿನಕ್ಸಿನಲ್ಲಿ ಬಹುಬಳಕೆಯ ‘ಬ್ಯಾಷ್’ ಷೆಲ್ಲಿನಲ್ಲಿ, ಒಂದು ಪ್ರೋಗ್ರಾಮಿನ ಫಲಿತವನ್ನು ಪೈಪಿನ ಮೂಲಕ ಹರಿಸಿ ಸಾಲುಗಳನ್ನು ಎಣಿಸಿದರೆ, ಎಣಿಕೆ ಸರಿಯಾಗಿಯೇ ಏರುತ್ತದೆ. ಮುಗಿದ ಮೇಲೆ ನೋಡಿದರೆ ಸೊನ್ನೆ. ಎಣಿಸಿದವನು ಮರಿ, ಕೇಳಿದ್ದು ತಾಯಿಯನ್ನು. ಸ್ಕ್ರಿಪ್ಟಿನೊಳಗಿನ ಫಂಕ್ಷನ್‌ಗಳದು ಇದಕ್ಕೆ ತೀರ ವಿರುದ್ಧವಾದ ತೊಂದರೆ: ಅಲ್ಲಿ ಗೋಡೆಯೇ ಇಲ್ಲ. ‘ಲೋಕಲ್’ ಎಂದು ಹೇಳದಿದ್ದರೆ ಒಳಗೆ ಬರೆದದ್ದು ಹೊರಗಿನ ಅದೇ ಹೆಸರಿನ ಬೆಲೆಯನ್ನು ಅಳಿಸಿಹಾಕುತ್ತದೆ.

ಎಲ್ಲಕ್ಕಿಂತ ಭಯಂಕರವಾದದ್ದು ಬೆಲೆಯಿಲ್ಲದ ಹೆಸರು. ಷೆಲ್ ಅದನ್ನು ಕಂಡು ಆಕ್ಷೇಪಿಸುವುದಿಲ್ಲ. ಏನೂ ಇಲ್ಲವೆಂದು ತಿಳಿದು ಮುಂದುವರಿಯುತ್ತದೆ. ಲಿನಕ್ಸಿಗಾಗಿ ಸಿದ್ಧವಾದ ‘ಸ್ಟೀಮ್’ ಎಂಬ ಆಟಗಳ ಪ್ರೋಗ್ರಾಮಿನ ಸ್ಕ್ರಿಪ್ಟಿನಲ್ಲಿ, ಒಂದು ಚರಾಕ್ಷರ ಸೂಚಿಸುವ ಡೈರೆಕ್ಟರಿಯೊಳಗಿನದನ್ನೆಲ್ಲ ಅಳಿಸು ಎಂಬ ಸಾಲೊಂದಿತ್ತು. ಆ ಚರಾಕ್ಷರ ಬರಿದಾದರೆ ಉಳಿಯುವುದು ಒಂದು ಓರೆಗೆರೆ. ಅದರ ಅರ್ಥ ಇಡೀ ವ್ಯವಸ್ಥೆಯ ಬೇರು! 2015ರ ಜನವರಿಯಲ್ಲಿ ಹೀಗೆಯೇ ಆಗಿ, ಬಳಸುವವರು ತಮ್ಮ ಕಡತಗಳನ್ನು ಕಳೆದುಕೊಂಡದ್ದು ಪ್ರಕಟವಾಯಿತು. ಬರೆದವರಿಗೆ ಸಂಶಯವಿರಲಿಲ್ಲವೆಂದಲ್ಲ, ಆ ಸಾಲಿನ ಬಳಿ ತಮ್ಮ ಅಂಜಿಕೆಯನ್ನು ಸೂಚಿಸುವ ಟಿಪ್ಪಣಿಯನ್ನೂ ಸೇರಿಸಿದ್ದರು. ಅಂಜಿದವರು ಒಂದು ಪರೀಕ್ಷೆಯನ್ನೂ ಸೇರಿಸಬಾರದಿತ್ತೆ? ‘ಸೆಟ್’ ಆಜ್ಞೆಗೆ ‘ಯು’ ಎಂಬ ಅಕ್ಷರವನ್ನು ಕೂಡಿಸಿದರೆ, ಬೆಲೆಯನ್ನೇ ಕೊಡದ ಹೆಸರನ್ನು ಕಂಡೊಡನೆ ಸ್ಕ್ರಿಪ್ಟು ನಿಲ್ಲುತ್ತದೆ. ಬೆಲೆಯ ಜಾಗದಲ್ಲಿ ಬರಿದನ್ನೇ ಕೊಟ್ಟಿದ್ದರೆ, ಈ ಪ್ರಸಂಗದಲ್ಲಾದಂತೆ, ಅದೂ ಸಾಲದು. ಬರಿದೋ ಅಲ್ಲವೋ ಎಂದು ಬೇರೆಯಾಗಿಯೇ ಪರೀಕ್ಷಿಸಬೇಕು.

ಆ ತರುಣನ ಸಂಗತಿಗೆ ಬರೋಣ. ಅವನು ಬೆಳಗ್ಗೆ ಲಾಗಿನ್ ಆದೊಡನೆ ಅವನ ಷೆಲ್ ಅವನೇ ಬರೆದಿಟ್ಟ ವ್ಯವಸ್ಥಾಕಡತಗಳನ್ನು ಓದಿ, ಅವನ ಸ್ವಂತ ಪ್ರೋಗ್ರಾಮುಗಳಿರುವ ಡೈರೆಕ್ಟರಿಯನ್ನು ‘ಪಾತ್’ ಪಟ್ಟಿಗೆ ಸೇರಿಸುತ್ತಿತ್ತು. ರಾತ್ರಿಯ ಕ್ರಾನ್ ಅವನ ಷೆಲ್ಲಿನ ಮರಿಯಲ್ಲ. ಅದಕ್ಕೆ ಆ ಕಡತಗಳೂ ಗೊತ್ತಿಲ್ಲ, ಆ ಪಟ್ಟಿಯೂ ಗೊತ್ತಿಲ್ಲ. ಅದು ಕೊಡುವುದು ಒಂದೆರಡು ಡೈರೆಕ್ಟರಿಗಳ ಚಿಕ್ಕ ಪಟ್ಟಿ. ಪ್ರತಿ ಮಾಡುವ ಪ್ರೋಗ್ರಾಮು ಅಲ್ಲಿ ಸಿಕ್ಕಲಿಲ್ಲ. ಸಿಕ್ಕಲಿಲ್ಲವೆಂದು ಕ್ರಾನ್ ರಾತ್ರಿ ರಾತ್ರಿಯೂ ಬರೆದ ದೂರು ಯಾರೂ ತೆರೆಯದ ಅಂಚೆಪೆಟ್ಟಿಗೆಯಲ್ಲಿ ಮೂವತ್ತು ಪತ್ರಗಳಾಗಿ ಬಿದ್ದಿತ್ತು.

ಈಗ ಅವನು ಸ್ಕ್ರಿಪ್ಟಿನ ಮೊದಲ ಸಾಲುಗಳಲ್ಲೇ ‘ಪಾತ್’ ಪಟ್ಟಿಯನ್ನು ಪೂರ್ತಿಯಾಗಿ ಬರೆಯುತ್ತಾನೆ. ಕ್ರಾನ್‌ಗೆ ಒಪ್ಪಿಸುವ ಮೊದಲು, ಪಿತ್ರಾರ್ಜಿತವೇನನ್ನೂ ಕೊಡದೆ ಮರಿಯನ್ನು ಬರಿಗೈಯಲ್ಲಿ ಹೊರಡಿಸುವ ‘ಎನ್ವ್’ ಆಜ್ಞೆಯಿಂದ ಒಮ್ಮೆ ನಡೆಸಿ ನೋಡುತ್ತಾನೆ. ಹಳೆಯ ಸ್ಕ್ರಿಪ್ಟನ್ನು ಹಾಗೆ ನಡೆಸಿದಾಗ ಅದು ಹಗಲಿನಲ್ಲೇ, ಅವನ ಕಣ್ಣೆದುರಿಗೇ, ಮೂರನೆಯ ಸಾಲಿನಲ್ಲಿ ಮುಗ್ಗರಿಸಿತು.