ಕೇಬಲ್ ಬಂತು, ಕನ್ನಡ ಬರಲಿಲ್ಲ!

ಕನ್ನಡದ ಯುವಕರೇ, ಕಲಬುರಗಿ ಜಿಲ್ಲೆಯ ಗೊಬ್ಬೂರಿನತ್ತ ಒಮ್ಮೆ ತಿರುಗಿ ನೋಡಿ. ಇಂಥ ಹಳ್ಳಿಗಳ ಪಂಚಾಯಿತಿಗಳಿಗೆ ಫೈಬರ್ ಕೇಬಲ್ ಎಳೆಯಲು ಕೇಂದ್ರ ಸರ್ಕಾರ ಒಪ್ಪಿದ್ದು 2011ರಲ್ಲಿ. 2015ರಲ್ಲಿ ಆ ಯೋಜನೆಗೆ ಭಾರತ್‌ನೆಟ್ ಎಂದು ಹೆಸರಿಟ್ಟಿತು. ಜೆಸಿಬಿ ಕೇಬಲ್ ಕಿತ್ತರೆ ಬೆಸೆಯಬಹುದು. ಕರೆಂಟ್ ಹೋದರೆ ಬ್ಯಾಟರಿ ಇಡಬಹುದು. ಆದರೆ ರೌಟರ್ ಜೊತೆ ಬಂದ ‘ಅಡ್ಮಿನ್’ ಪಾಸ್‌ವರ್ಡನ್ನು ಬದಲಿಸದಿದ್ದರೆ ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ! ಆ ಎಚ್ಚರಿಕೆ ಬರೀ ಇಂಗ್ಲಿಷಿನಲ್ಲಿದ್ದರೆ ಗೊಬ್ಬೂರಿನ ರೈತ ಓದುವುದು ಹೇಗೆ? ಜಾಲದ ಮೇಲೆ ದಾಳಿಯಾದರೆ, ಗೊತ್ತಾದ 6 ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂದು ಕಂಪನಿಗಳಿಗೆ 2022ರಲ್ಲೇ ಆದೇಶವಾಗಿದೆ. ಗ್ರಾಹಕನಿಗೆ ಅವನ ನುಡಿಯಲ್ಲಿ ತಿಳಿಸಿ ಎಂದು ಹೇಳುವವರು ಯಾರು? ನಾವೇ! ಇಂದೇ ನಿಮ್ಮ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ. ಕನ್ನಡದಲ್ಲಿ ಉತ್ತರ ಬರುವವರೆಗೆ ಫೋನ್ ಇಡಬೇಡಿ!