ತಲೆಬರಹವೂ ವಿಳಾಸವೂ

ಕಳೆದ ತಿಂಗಳು ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು, ಮಡಚಿದ ಚೀಟಿಯೊಂದನ್ನು ಮುಂದಿಟ್ಟು, “ಮೇಷ್ಟ್ರೇ, ನೀವು ಬರೆದುಕೊಟ್ಟ ವಿಳಾಸದಲ್ಲಿ ಏನೂ ಸಿಗಲಿಲ್ಲವಲ್ಲ!” ಎಂದನು. ನಮ್ಮ ಕೆರೆಬಿಳಚಿಗೆ ಸಮೀಪದ ಸೂಳೆಕೆರೆಯನ್ನು ಕುರಿತು ನಾವು ಅಂತರ್ಜಾಲದಲ್ಲಿ ಒಂದು ಪುಟವನ್ನು ಬರೆದಿದ್ದೆವು. ಮನೆಮಂದಿಯೆಲ್ಲ ಓದತಕ್ಕ ಬರಹಕ್ಕೆ ಆ ಕೆರೆಯ ಇನ್ನೊಂದು ಹೆಸರಾದ ಶಾಂತಿಸಾಗರವೇ ಒಪ್ಪುವುದೆಂದು ಅನಂತರ ತಲೆಬರಹವನ್ನು ತಿದ್ದಿದೆವು. ಅದರೊಡನೆ ವಿಳಾಸವೂ ಬದಲಾಗಿಹೋಯಿತು. ಕಣ್ಣು ಮಂಜಾದ ತಾಯಿಗೆ ಓದಿ ಹೇಳಬೇಕೆಂದು ಅವನು ಮೂರು ಸಂಜೆ ಹುಡುಕಿದ್ದನಂತೆ. ತಪ್ಪು ನಮ್ಮದೇ.

ಅಡುಗೆಯ ವಿಷಯವನ್ನೋ ಮನೆತನದ ವೃತ್ತಾಂತವನ್ನೋ ಹೀಗೆ ಬರೆದಿಡುವ ಮನೆಗಳು ಈಗ ಅನೇಕ. ಆದುದರಿಂದ ಈ ವಿಚಾರವನ್ನು ವಾಚಕರ ಮುಂದಿಡುತ್ತೇವೆ.

ತಲೆಬರಹವನ್ನು ಕೊಟ್ಟೊಡನೆ ತಂತ್ರಾಂಶವು ಅದರಿಂದಲೇ ವಿಳಾಸದ ಕೊನೆಯ ಭಾಗವನ್ನು ರಚಿಸುವುದುಂಟು. ಪ್ರಶ್ನಾರ್ಥಕಾದಿ ಚಿಹ್ನೆಗಳನ್ನು ತೆಗೆದು, ಪದಗಳ ನಡುವೆ ಅಡ್ಡಗೆರೆಯನ್ನಿಡುತ್ತದೆ. ಆಂಗ್ಲಕ್ಕೆ ಇಷ್ಟು ಸಾಕು. ಕನ್ನಡಕ್ಕೆ ಮೂರು ತೊಡಕುಗಳುಂಟು.

ಮೊದಲನೆಯದು, ಕೆಲವು ತಂತ್ರಾಂಶಗಳು ಗುಣಿತದ ಚಿಹ್ನೆಗಳನ್ನು ಅಕ್ಷರಗಳೆಂದೆಣಿಸದೆ ಕಸದೊಡನೆ ಗುಡಿಸಿಬಿಡುತ್ತವೆ. ಆಗ ಕೆರೆಬಿಳಚಿಯು ‘ಕರಬಳಚ’ವಾಗುತ್ತದೆ. ಸ್ವರವು ತಾನೇ ಬೆಳಗತಕ್ಕದ್ದು, ವ್ಯಂಜನವು ಅದನ್ನು ಅನುಸರಿಸತಕ್ಕದ್ದು ಎಂಬುದು ವೈಯಾಕರಣರ ಮತ. ಇಲ್ಲಿ ಅನುಚರರು ಉಳಿದು ಒಡೆಯರೇ ಹೊರಟುಹೋದರು!

ಎರಡನೆಯದು, ಕನ್ನಡದ ವಿಳಾಸವನ್ನು ನಕಲುಮಾಡಿ ಕಳುಹಿಸಿದರೆ ಅದು ಹಲವು ವೇಳೆ ಶೇಕಡಾ ಚಿಹ್ನೆಗಳ ಸರಮಾಲೆಯಾಗುತ್ತದೆ. ಯೂನಿಕೋಡಿನಲ್ಲಿ ‘ಕೆರೆಬಿಳಚಿ’ಗೆ ಐದು ವ್ಯಂಜನ, ನಾಲ್ಕು ಸ್ವರಚಿಹ್ನೆ, ಒಟ್ಟು 9 ಸಂಕೇತಗಳು. ಒಂದೊಂದು ಸಂಕೇತಕ್ಕೂ 3 ಬೈಟು. ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ 3 ಲಿಪಿ. ಅಂತೂ 81! ಕನ್ನಡ ವಿಕಿಪೀಡಿಯದ ವಿಳಾಸಗಳಲ್ಲಿ ಇದನ್ನು ಕಾಣಬಹುದು. ಒತ್ತಿದರೆ ಪುಟವೇನೋ ತೆರೆಯುತ್ತದೆ. ಆದರೆ ಚೀಟಿಯಲ್ಲಿ ಬರೆದುಕೊಡಲು ಯಾರಿಂದಾದೀತು?

ಇದಕ್ಕಂಜಿ ಆಂಗ್ಲಲಿಪಿಯನ್ನು ಹಿಡಿದರೆ ಮೂರನೆಯ ತೊಡಕು. ಬೆಳೆ, ಬೆಲೆ, ಬೇಳೆ ಈ ಮೂರೂ ಅಲ್ಲಿ ಸಾಮಾನ್ಯವಾಗಿ ಒಂದೇ ರೂಪವನ್ನು ತಾಳುತ್ತವೆ. ನಮ್ಮ ಸೀಮೆಯಲ್ಲಿ ಅಡಕೆಯ ಬೆಳೆಯೂ ಅಡಕೆಯ ಬೆಲೆಯೂ ಒಂದೇ ಆದರೆ ತೋಟದವನ ಗತಿಯೇನು!

ಆದುದರಿಂದ ತಂತ್ರಾಂಶವು ಕೊಟ್ಟ ವಿಳಾಸವನ್ನು ಒಮ್ಮೆ ಓದಿ, ಕೈಯಾರೆ ತಿದ್ದತಕ್ಕದ್ದು. ಎರಡು ಮೂರು ಪದಗಳು ಸಾಕು. ಆಂಗ್ಲಲಿಪಿಯಾದರೆ ಅರ್ಥವನ್ನು ಬೇರ್ಪಡಿಸುವ ಇನ್ನೊಂದು ಪದವನ್ನು ಸೇರಿಸಬೇಕು: ‘ಅಡಕೆ ಬೆಲೆ’ಗೆ ಬದಲು ‘ಅಡಕೆ ಮಾರುಕಟ್ಟೆ ಬೆಲೆ’. ಮುಂದೆ ಬದಲಾಗಬಹುದಾದುದನ್ನು ಸೇರಿಸಬಾರದು. ನಮ್ಮ ಚನ್ನಗಿರಿ ತಾಲ್ಲೂಕು 1997ರಲ್ಲಿ ಶಿವಮೊಗ್ಗ ಜಿಲ್ಲೆಯನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಊರು ಕದಲಲಿಲ್ಲ; ಜಿಲ್ಲೆಯನ್ನು ಸೇರಿಸಿ ಬರೆದ ವಿಳಾಸವೆಲ್ಲ ಹಳತಾಯಿತು. ಫೋನಿನಲ್ಲಿ ಒಬ್ಬರಿಗೆ ಹೇಳಿ ಬರೆಯಿಸಿ ನೋಡುವುದೇ ಉತ್ತಮ ಪರೀಕ್ಷೆ.

ಎಲ್ಲಕ್ಕಿಂತ ಮುಖ್ಯವಾದುದು, ಒಮ್ಮೆ ಇತರರಿಗೆ ಕೊಟ್ಟ ವಿಳಾಸವನ್ನು ಕೆಡಿಸಬಾರದು. ತಲೆಬರಹವನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು. ವಿಳಾಸವನ್ನೂ ಬದಲಿಸಲೇಬೇಕಾದರೆ, ಹಳೆಯದರಿಂದ ಹೊಸದಕ್ಕೆ ದಾರಿ ತೋರಿಸುವ ಏರ್ಪಾಡಿರುತ್ತದೆ; ಅದನ್ನು ಮರೆಯದೆ ಮಾಡತಕ್ಕದ್ದು.

ಮೊಮ್ಮಗನ ಸಹಾಯದಿಂದ ನಾವೂ ಹಾಗೆ ಮಾಡಿದೆವು. ಆ ಸಂಜೆ ಶಿಷ್ಯನು ಅದೇ ಚೀಟಿಯನ್ನು ನೋಡಿ ಪುಟವನ್ನು ತೆರೆದನಂತೆ. ಸೂಳೆಕೆರೆಯ ಪುಟವೆಲ್ಲಿ ಎಂದು ತಾಯಿ ಕೇಳಿದರೆ, “ಶಾಂತಿಸಾಗರವೆಂದರೆ ಅದೇ, ಅಮ್ಮ” ಎಂದು ಹೇಳಿ ಓದಿದನಂತೆ.