ಹಸಿರುಮನೆಗೆ ಮೊದಲು ತಾರಸಿಗೆ ಬನ್ನಿ

ಭದ್ರಾವತಿಯ ಜನ್ನಾಪುರದ ಅಪ್ಪ-ಅಮ್ಮಂದಿರೇ, ಅಜ್ಜ-ಅಜ್ಜಿಯರೇ, ಮೇಷ್ಟ್ರುಗಳೇ,

ನಮ್ಮ ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿಗೆ ‘ಹಸಿರುಮನೆ ಪರಿಣಾಮ’ದ ಚಿತ್ರ ಬರೆದುಕೊಂಡು ಬಾ ಎಂದಿದ್ದರಂತೆ. ಅವಳು ಒಂದು ಮನೆ ಬರೆದು, ಹೆಂಚಿನಿಂದ ಹೊಸ್ತಿಲವರೆಗೂ ಹಸಿರು ಬಳಿದು, ಪಕ್ಕದಲ್ಲೊಂದು ತೆಂಗಿನಮರ ನಿಲ್ಲಿಸಿದ್ದಳು. ತಪ್ಪು ಅವಳದ್ದಲ್ಲ. ಹಸಿರೆಂದರೆ ಒಳ್ಳೆಯದು ಅಂತ ಹೇಳಿಕೊಟ್ಟವರು ನಾವೇ.

ನನ್ನ ಮನವಿ ಇಷ್ಟೆ: ‘ಹಸಿರುಮನೆ’ ಎಂಬ ಪದವನ್ನು ನಾಲ್ಕು ದಿನ ಬದಿಗಿಡಿ. ಚಳಿಗಾಲದಲ್ಲಿ ಮಕ್ಕಳನ್ನು ರಾತ್ರಿ ತಾರಸಿಗೆ ಕರೆದುಕೊಂಡು ಹೋಗಿ. ನಕ್ಷತ್ರ ಪಳಪಳ ಹೊಳೆಯುವ ರಾತ್ರಿ ಮೈ ನಡುಗುತ್ತದೆ, ಬೆಳಿಗ್ಗೆ ಸ್ಕೂಟರಿನ ಸೀಟೆಲ್ಲ ಇಬ್ಬನಿ. ಮೋಡ ಕವಿದ ರಾತ್ರಿ ಅಷ್ಟು ಚಳಿಯಿಲ್ಲ. ಹಗಲೆಲ್ಲ ಕಾದ ನೆಲ ಬಿಡುವ ಶಾಖವನ್ನು ಮೋಡ ಹೀರಿ, ಒಂದಿಷ್ಟನ್ನು ಕೆಳಕ್ಕೇ ಕಳಿಸುತ್ತದೆ. ಗಾಳಿಯಲ್ಲಿರುವ ನೀರಾವಿ, ಕಾರ್ಬನ್ ಡೈಆಕ್ಸೈಡ್ ಕಣ್ಣಿಗೆ ಕಾಣದೆ ಇದೇ ಕೆಲಸ ಮಾಡುತ್ತವೆ. ಹಸಿರುಮನೆ ಪರಿಣಾಮವೆಂದರೆ ಇದೇ, ಭೂಮಿಗೆ ಹೊದಿಸಿದ ಕಂಬಳಿ ಎನ್ನಿ. ಇದಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಹಾಗಾಗಿ ಕಂಬಳಿಯನ್ನು ರಾಕ್ಷಸ ಮಾಡಬೇಡಿ. ಕಂಬಳಿಯ ಮೇಲೆ ಕಂಬಳಿ ಹೊದಿಸುತ್ತ ಹೋದದ್ದು ತೊಂದರೆ.

ಹೊದಿಸಿದ್ದು ಹೇಗೆ? ಅದಕ್ಕೆ ನಮ್ಮೂರೇ ಪಾಠ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಸುರಿದದ್ದು ಮಲೆನಾಡಿನ ಮರ ಸುಟ್ಟ ಇದ್ದಿಲು. ಅದಿರಿನಲ್ಲಿದ್ದ ಆಮ್ಲಜನಕವನ್ನು ಇದ್ದಿಲಿನ ಇಂಗಾಲ ಕಿತ್ತುಕೊಂಡು ಅನಿಲವಾಗಿ ಮೇಲೆ ಹೋಯಿತು, ಕೆಳಗೆ ಕಬ್ಬಿಣ ಉಳಿಯಿತು. ‘ಅಷ್ಟು ಇದ್ದಿಲು ಎಲ್ಲಿ ಹೋಯ್ತು ಹೇಳು ನೋಡೋಣ?’ ಅಂತ ಕಾರ್ಖಾನೆಯಲ್ಲಿ ದುಡಿದ ಅಜ್ಜಂದಿರೇ ಮೊಮ್ಮಕ್ಕಳನ್ನು ಕೇಳಲಿ. ಆ ಕುಲುಮೆಯಿಂದ ಅನ್ನ ಉಂಡ ಊರು ಇದು, ಅಜ್ಜನನ್ನು ಅಪರಾಧಿ ಮಾಡುವ ಮಾತೇ ಬೇಡ. ಲೋಕವೆಲ್ಲ ಕಲ್ಲಿದ್ದಲು, ಪೆಟ್ರೋಲು ಸುಟ್ಟಿದೆ. 1958ರಲ್ಲಿ ಗಾಳಿಯ 10 ಲಕ್ಷ ಪಾಲಿನಲ್ಲಿ ಸುಮಾರು 315 ಪಾಲಿದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ.

ಇದರೊಳಗೆ ಓಜೋನ್ ತೂತನ್ನು ತುರುಕಬೇಡಿ, ಅದು ಬೇರೆಯೇ ಕಥೆ. ಪ್ರಳಯ ಅಂತ ಹೆದರಿಸಲೂ ಬೇಡಿ. ತಾರಸಿಗೆ ಹೋಗುವಾಗ ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಇರಲಿ (ಜ್ವರ ನೋಡುವುದು ಇದಕ್ಕೆ ಆಗುವುದಿಲ್ಲ). ತಿಳಿ ರಾತ್ರಿಯದೊಂದು, ಮೋಡದ ರಾತ್ರಿಯದೊಂದು, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನೋಡಿದ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಮಕ್ಕಳ ಕೈಯಲ್ಲೇ ಬರೆಸಿ.